ಓದಿ ಹೇಳಿ ತಿಳಿಸಲಾಗಿದೆ

ಚಿಕ್ಕೋಡಿಯಲ್ಲಿ ನನ್ನ ವಕೀಲಿ ನಡೆದದ್ದು ಬಹುಮಟ್ಟಿಗೆ ಅಕ್ಕತಂಗಿಯರ ಸಹಿಗಳ ಮೇಲೆ. ಪಿತ್ರಾರ್ಜಿತ ಹೊಲದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದು ಕಾನೂನು ಬದಲಾದ ಮೇಲೆ, ಆ ಪಾಲನ್ನು ಅವರು ಬಿಟ್ಟುಕೊಟ್ಟರು ಎಂದು ಬರೆಸುವ ಕೆಲಸ ಹೆಚ್ಚಾಯಿತು. ಮೊದಲು ಅವರನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಈಗ ಕೇಳಬೇಕಾಯಿತು. ಕೇಳುವುದೆಂದರೆ ಒಂದು ಸೀರೆ, ಒಂದು ಊಟ, ನೋಂದಣಿ ಕಚೇರಿಗೆ ಹೋಗಿಬರಲು ಒಂದು ಬಾಡಿಗೆ ಕಾರು.

ಇಂಥ ಹಕ್ಕು ಬಿಡುಗಡೆ ಪತ್ರ ಬರೆಸಲು ಅಣ್ಣತಮ್ಮಂದಿರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಹೆಚ್ಚು ಜಾಣೆ ಎಂದಲ್ಲ. ‘ವಕೀಲ್ರು ಹೆಣ್ಣಮಗಳ ಇದ್ರ ನಮ್ಮ ಅಕ್ಕಗೋಳು ಅಂಜೂದಿಲ್ರಿ, ಗಪ್ಪನ ಸಹಿ ಮಾಡ್ತಾರ’ ಎಂದು ಒಬ್ಬರು ನನ್ನ ಮುಖಕ್ಕೇ ಹೇಳಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ನಾನು ಬರೆದ ಪ್ರತಿ ಪತ್ರದ ಕೊನೆಗೂ ಒಂದು ಸಾಲು ಇರುತ್ತಿತ್ತು: ‘ಸದರಿ ಪತ್ರವನ್ನು ಬರೆದುಕೊಟ್ಟವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ ತಿಳಿಸಲಾಗಿದೆ.’ ಅದರ ಕೆಳಗೆ ನನ್ನ ಸಹಿ, ನನ್ನ ಮುದ್ರೆ. ಆ ಸಾಲನ್ನು ಪ್ರತಿ ಸಲ ಹೊಸದಾಗಿ ಟೈಪ್ ಮಾಡುವ ಅಗತ್ಯವೂ ಇರಲಿಲ್ಲ. ಕಂಪ್ಯೂಟರಿನ ನಮೂನೆಯಲ್ಲಿ ಅದು ಇದ್ದೇ ಇರುತ್ತಿತ್ತು.

ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಅವಳನ್ನು ತಂಗಿ ಎನ್ನುತ್ತೇನೆ, ಅವನನ್ನು ಅಣ್ಣ ಎನ್ನುತ್ತೇನೆ.

ತಂಗಿ ನನ್ನ ಆಫೀಸಿಗೆ ಬಂದಾಗ ಮಳೆಗಾಲ ಮುಗಿಯುತ್ತಿತ್ತು. ನಲವತ್ತರ ಆಸುಪಾಸಿನ ಹೆಂಗಸು, ಮುಂಗೈಯಲ್ಲಿ ಸುಟ್ಟ ಕಲೆಗಳು. ಪ್ಲಾಸ್ಟಿಕ್ ಚೀಲದಿಂದ ಒಂದು ನಕಲು ಪ್ರತಿ ತೆಗೆದು ಮೇಜಿನ ಮೇಲೆ ಇಟ್ಟಳು.

“ವಕೀಲ ಬಾಯಾರ, ಇದು ನೀವು ಬರದದ್ದಂತ. ಏನ್ ಬರದೈತಿ, ಜರಾ ವಾಚೂನ್ ಸಾಂಗಾ. ಓದಿ ಹೇಳ್ರಿ. ನನಗ ಕನ್ನಡ ಮಾತು ತಿಳೀತೈತಿ, ಅಕ್ಷರಾ ತಿಳಿಯೂದಿಲ್ಲ.”

ಅವಳ ತವರು ಭೋಜ ಊರಿನ ಹತ್ತಿರ. ಆ ಕಡೆಯ ಅನೇಕರಂತೆ ಶಾಲೆಯಲ್ಲಿ ಕಲಿತದ್ದು ಮರಾಠಿ. ಮದುವೆಯಾಗಿ ಗಡಿಯಾಚೆಗೆ, ಕಾಗಲ್ ಕಡೆಗೆ ಹೋಗಿದ್ದಳು. ಗಂಡ ತೀರಿದ ಮೇಲೆ ಮಗಳನ್ನು ಕರೆದುಕೊಂಡು ತವರಿಗೆ ಬಂದಳು. ಅಣ್ಣ ಗುತ್ತಿಗೆ ಕೆಲಸ ಹಿಡಿದು ಹೊಲದ ಕಡೆ ತಲೆ ಹಾಕುವುದನ್ನು ಬಿಟ್ಟಿದ್ದ. ಹೊಲದಲ್ಲಿ ಅಪ್ಪನ ಕಾಲದ ಬೆಲ್ಲದ ಗಾಣ ಪಾಳುಬಿದ್ದಿತ್ತು. ‘ಬೇಕಾದ್ರ ನಡಸ್ಕೋ’ ಎಂದು ಅವನೇ ಕೀಲಿ ಕೊಟ್ಟ. ಅವಳು ಕೊಪ್ಪರಿಗೆ ತಿಕ್ಕಿಸಿ, ಒಲೆ ಹೊಸದಾಗಿ ಕಟ್ಟಿಸಿ, ಎಂಟು ಹೆಂಗಸರನ್ನು ಕಟ್ಟಿಕೊಂಡು ಬೆಲ್ಲ ಮಾಡತೊಡಗಿದಳು. ಬಣ್ಣಕ್ಕೆ ಯಾವ ಪುಡಿಯನ್ನೂ ಹಾಕದೆ, ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆಯಿಂದಲೇ ಕಬ್ಬಿನ ಹಾಲಿನ ಕಸ ಎತ್ತುತ್ತಿದ್ದಳು. ಬೆಲ್ಲ ಕಪ್ಪಗಿರುತ್ತಿತ್ತು. ಮೊದಲ ವರ್ಷ ಸಂತೆಯಲ್ಲಿ ಯಾರೂ ಮುಟ್ಟಲಿಲ್ಲ. ಆಮೇಲೆ ಮಗಳು ಅದನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿ ಮೊಬೈಲಿನಲ್ಲಿ ಚಿತ್ರ ಹಾಕಿದಳು. ಪುಣೆ ಕಡೆಯಿಂದ ಬೇಡಿಕೆ ಬಂತು. ಪೊಟ್ಟಣ ಮಾರಲು ಆಹಾರ ಪರವಾನಗಿ ಬೇಕಾಯಿತು. ಪರವಾನಗಿಗೆ ಜಾಗದ ಮಾಲೀಕರ ಒಪ್ಪಿಗೆ ಪತ್ರ ಬೇಕಾಯಿತು. ಹೊಲದ ಉತಾರ, ಅಂದರೆ ಪಹಣಿ, ತೆಗೆಸಿದಾಗ ಅದರಲ್ಲಿದ್ದದ್ದು ಅಣ್ಣನ ಹೆಸರು ಮಾತ್ರ.

“ಒಪ್ಪಿಗಿ ಕೊಡು ಅಂದೆ. ಕೊಡೂದಿಲ್ಲ ಅಂದ. ಜಾಗಾ ಪೆಟ್ರೋಲ್ ಪಂಪಿನವರಿಗೆ ಮಾರಾಕತ್ತಾನಂತ. ನಾ ಅಂದೆ, ಅದರಾಗ ನಂದೂ ಐತೆಲ್ಲೋ ದಾದಾ. ಅಂವಾ ಅಂದ, ನೀ ಆರು ವರ್ಷದ ಹಿಂದನ ಬಿಟ್ಟಕೊಟ್ಟಿ, ಬಾಯಾರನ ಕೇಳ್ ಹೋಗು ಅಂತ.”

ನಾನು ಓದಿ ಹೇಳಿದೆ, ಕನ್ನಡದಲ್ಲಿ ಓದಿ ನನಗೆ ಬರುವ ಮರಾಠಿಯಲ್ಲಿ ಬಿಡಿಸಿ. ‘ಸ್ವಸಂತೋಷದಿಂದ’ ಎಂಬಲ್ಲಿ ಅವಳು ತಲೆ ಎತ್ತಿದಳು. ಕೊನೆಯ ಸಾಲಿಗೆ ಬಂದಾಗ ನನ್ನ ದನಿ ನನಗೇ ಕೇಳಿಸದಷ್ಟು ಇಳಿಯಿತು.

“ಆ ದಿವಸ ಅಪ್ಪನ ವಾರಸಾ ನೋಂದ ಮಾಡೂದೈತಿ ಅಂತ ಕರಕೊಂಡ ಬಂದಿದ್ದ. ನನ್ನ ಹೆಸರೂ ಹಾಕಾಕತ್ತಾರ ಅಂತ ತಿಳಕೊಂಡಿದ್ದೆ,” ಎಂದಳು. ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. “ನೀವು ಆವತ್ತ ಇದನ್ನ ಹೇಳಿದ್ರೇನ್ರಿ ನನಗ?” ಎಂದು ಕೇಳಿದಳು.

ನೆನಪಿಲ್ಲ ಎಂದೆ. ಕಡತ ನೋಡಬೇಕು ಎಂದೆ.

ಅದು ಸುಳ್ಳು. ಆ ದಿನ ನನಗೆ ಚೆನ್ನಾಗಿ ನೆನಪಿತ್ತು, ಅವಳ ಹೆಬ್ಬೆರಳಿನಿಂದಾಗಿ. ನೋಂದಣಿ ಕಚೇರಿಯ ಬೆರಳಚ್ಚಿನ ಯಂತ್ರ ಅವಳ ಗುರುತು ಹಿಡಿಯಲಿಲ್ಲ. ಕೆಲಸಕ್ಕೆ ಸವೆದ ಬೆರಳು. ಸೆರಗಿಗೆ ತಿಕ್ಕಿಕೊಂಡು ಮೂರು ಸಲ ಒತ್ತಿದಳು. ನನಗೆ ಆ ದಿನ ಇನ್ನೂ ಮೂರು ಪತ್ರಗಳಿದ್ದವು, ಎಲ್ಲರೂ ಬಾಗಿಲಲ್ಲಿ ಕಾಯುತ್ತಿದ್ದರು. ಅಧಿಕಾರಿ ನಿಯಮದಂತೆ ‘ಒಪ್ಪಿಗೆ ಇದೆಯೇನಮ್ಮಾ’ ಎಂದು ಕೇಳಿದರು. ಅವಳು ಅಣ್ಣನತ್ತ ನೋಡಿದಳು. ಅಣ್ಣ ‘ಹೋ ಮ್ಹಣ’ ಎಂದ, ಹೂಂ ಅನ್ನು ಎಂದು. ‘ಹೋ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಯಾವಾಗ ಮುಗೀತೈತ್ರಿ? ಕಾಗಲ್ ಬಸ್ ತಪ್ಪತೈತಿ” ಎಂದಳು. “ಆತ್ರಿ, ಎರಡ ನಿಮಿಷ” ಎಂದೆ. ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ. ಒಂದು ಅಕ್ಷರವನ್ನೂ ನಾನು ಅವಳಿಗೆ ಓದಿ ಹೇಳಿರಲಿಲ್ಲ.

ಅವಳ ಕೇಸನ್ನು ನಾನು ಹಿಡಿಯುವಂತಿರಲಿಲ್ಲ. ನನಗೆ ಪತ್ರ ಬರೆಯಲು ಹೇಳಿದವನು ಅಣ್ಣ. ನಿಪ್ಪಾಣಿಯಲ್ಲಿ ಹೊಸದಾಗಿ ಶುರುಮಾಡಿದ್ದ ಒಬ್ಬ ವಕೀಲೆಯ ವಿಳಾಸ ಬರೆದುಕೊಟ್ಟೆ. ಎರಡು ದಿನಗಳಲ್ಲಿ ಅಣ್ಣನೇ ಬಂದ. ಕೆಟ್ಟವನಲ್ಲ ಅವನು, ಇದನ್ನು ಹೇಳಲೇಬೇಕು. ಬಂದವನೇ, ತಂಗಿ ದಾವೆ ಹಾಕಿದರೆ ತನ್ನ ಪರ ನಿಲ್ಲಬೇಕೆಂದು ವಕಾಲತ್ತು ಫಾರಂ ಮೇಜಿನ ಮೇಲಿಟ್ಟ.

“ನಾ ಆಕಿನ್ನ ರಸ್ತೇಕ ಹಾಕೀನೇನ್ರಿ? ಗಂಡ ಹೋದಮ್ಯಾಲ ಮನಿಗೆ ಕರಕೊಂಡೆ, ಗಾಣ ಕೊಟ್ಟೆ, ಆಕಿ ಮಗಳ ಫೀ ಕಟ್ಟೀನಿ. ಒಂದ ಸಹಿ ಮಾಡಿದ್ಲು, ಅದು ನಮ್ಮೆಲ್ಲಾರ ಮನ್ಯಾಗೂ ನಡದದ್ದ. ನಮ್ಮ ಅತ್ತಿ ಮಾಡ್ಯಾಳ, ನನ್ನ ಹೆಂಡ್ತಿ ಮಾಡ್ಯಾಳ. ಈಕೀಗಷ್ಟ ಯಾಕ್ರಿ ಬ್ಯಾರೆ ಕಾಯ್ದೆ?”

“ಆಕೀಗ ಅದರಾಗ ಏನೈತಿ ಅಂತ ಹೇಳಿದ್ರೇನ್ರಿ ನೀವು?”

“ಹೇಳಾವ್ರು ನೀವ ಅಲ್ರಿ? ಬರದೀರೆಲ್ಲ ಅದರಾಗ.”

ಅವನು ಹೇಳಿದ್ದು ಸರಿಯೇ ಇತ್ತು. ವಕಾಲತ್ತು ಹಿಂದಕ್ಕೆ ಕೊಟ್ಟೆ. ಅವನು ಚಿಕ್ಕೋಡಿಯಲ್ಲಿ ನನಗೆ ಹಳೆಯ ಪರಿಚಯದ ಇನ್ನೊಬ್ಬ ವಕೀಲರನ್ನು ಹಿಡಿದ.

ದಾವೆ ನಿಪ್ಪಾಣಿಯಲ್ಲಿ ದಾಖಲಾಯಿತು: ಪತ್ರ ತನಗೆ ಬಂಧಕವಲ್ಲ ಎಂದು ಘೋಷಿಸಬೇಕು, ಮೂರರಲ್ಲಿ ಒಂದು ಪಾಲು ಕೊಡಿಸಬೇಕು, ಅಲ್ಲಿಯವರೆಗೆ ಮಾರಾಟ ತಡೆಯಬೇಕು. ಮೂರು ಪಾಲು ಏಕೆಂದರೆ ತಾಯಿ ಬದುಕಿದ್ದಳು, ಉತಾರದಲ್ಲಿ ಅವಳ ಹೆಸರನ್ನು ಯಾರೂ ಸೇರಿಸಿರಲಿಲ್ಲ ಅಷ್ಟೇ. ಹಾಗಾಗಿ ತಾಯಿಯೂ ಪ್ರತಿವಾದಿ. ಅಂಕಲಿ ಕಡೆಯಿಂದ ಮದುವೆಯಾಗಿ ಬಂದಿದ್ದ ಮುದುಕಿ, ಮೊದಲ ತಾರೀಖಿಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಯಾರು ಕೇಳಿದರೂ ‘ನನಗೇನ್ ಗೊತ್ತೈತ್ರಿ’ ಎನ್ನುತ್ತಿದ್ದಳು.

ತೊಡಕಿದ್ದದ್ದು ಕಾಲಮಿತಿಯಲ್ಲಿ. ಇಂಥ ಪತ್ರವನ್ನು ಪ್ರಶ್ನಿಸಲು ವಿಷಯ ತಿಳಿದ ದಿನದಿಂದ ಮೂರು ವರ್ಷ ಅವಕಾಶ. ಅವಳಿಗೆ ಈ ವರ್ಷ ತಿಳಿಯಿತು ಎಂದರೆ ದಾವೆ ನಿಲ್ಲುತ್ತದೆ. ಆರು ವರ್ಷದ ಹಿಂದೆಯೇ ಓದಿ ಹೇಳಿದ್ದರೆ ಅದು ಹುಟ್ಟುವ ಮೊದಲೇ ಸತ್ತಿದೆ. ಎಲ್ಲವೂ ನನ್ನ ಆ ಒಂದು ಸಾಲಿಗೆ ಬಂದು ನಿಂತಿತ್ತು.

ಮೊದಲ ಪೆಟ್ಟು ಬೇಗ ಬಿತ್ತು. ನೋಂದಾಯಿತ ಪತ್ರ, ಓದಿ ಹೇಳಲಾಗಿದೆ ಎಂಬ ಒಕ್ಕಣೆ, ವಕೀಲರ ಸಹಿ, ಇಷ್ಟೆಲ್ಲ ಎದುರಿಗಿರುವಾಗ ಮೇಲ್ನೋಟಕ್ಕೆ ವಾದಿಯ ಮಾತನ್ನು ನಂಬಲಾಗದು ಎಂದು ತಡೆಯಾಜ್ಞೆಯ ಅರ್ಜಿ ವಜಾ ಆಯಿತು. ಮಾರಾಟ ಮಾಡಿದರೂ ಅದು ದಾವೆಯ ತೀರ್ಪಿಗೆ ಒಳಪಟ್ಟಿರುತ್ತದೆ ಎಂಬ ಸಮಾಧಾನದ ಮಾತು ಆದೇಶದ ಕೊನೆಗೆ ಇತ್ತು. ಆ ವಾರವೇ ಅಣ್ಣ ಗಾಣಕ್ಕೆ ಬೀಗ ಹಾಕಿದ. ಕಬ್ಬು ಕಡಿಯುವ ಹಂಗಾಮು ಶುರುವಾಗುವುದರಲ್ಲಿತ್ತು. ಎಂಟು ಹೆಂಗಸರು ಬೀಗದ ಮುಂದೆ ಬೆಳಿಗ್ಗೆಯೆಲ್ಲ ಕೂತು, ಎದ್ದು, ತಂಬಾಕಿನ ವಖಾರಿಗೆ ಕೆಲಸ ಕೇಳಿಕೊಂಡು ಹೋದರಂತೆ. ತಂಗಿ ಇದನ್ನು ನನಗೆ ಫೋನಿನಲ್ಲಿ ಹೇಳಿದಳು. ನನಗೇಕೆ ಹೇಳುತ್ತಿದ್ದಳೋ ತಿಳಿಯದು. ಬೈದಿದ್ದರೆ ಸುಲಭವಾಗುತ್ತಿತ್ತು.

ಆ ಚಳಿಗಾಲ ಆಫೀಸಿನಲ್ಲಿ ನಾನು ಮಾಡಿದ ಕೆಲಸ ಒಂದೇ: ಹಳೆಯ ಕಡತ ತೆಗೆದು ನೋಡುವುದು. ರಾಯಬಾಗದವರು, ಕಾಗವಾಡದವರು, ಕೊಕಟನೂರಿನ ಐವರು ಅಕ್ಕತಂಗಿಯರು ಒಂದೇ ಪತ್ರಕ್ಕೆ ಸಾಲಾಗಿ ಒತ್ತಿದ ಹೆಬ್ಬೆಟ್ಟು. ಕೆಲವರಿಗೆ ನಾನು ನಿಜವಾಗಿ ಓದಿ ಹೇಳಿದ್ದೆ. ಕೆಲವರು ‘ಗೊತ್ತೈತ್ರಿ, ಕೊಡ್ರಿಲ್ಲೆ’ ಎಂದು ತಾವಾಗಿ ಪೆನ್ನು ಕಸಿದುಕೊಂಡಿದ್ದರು. ಉಳಿದವರ ಮುಖಗಳೇ ನೆನಪಾಗುತ್ತಿರಲಿಲ್ಲ. 

ನಾನು ವಕೀಲಿ ಕಲಿತದ್ದು ಯಾರ ಕೈಕೆಳಗೋ ಆ ಹಿರಿಯರನ್ನು ಕೇಳಲು ಹೋದೆ. ಈಗ ಕೋರ್ಟಿಗೆ ಬರುವುದನ್ನು ಬಿಟ್ಟಿದ್ದಾರೆ, ಬುದ್ಧಿ ಮಾತ್ರ ಚುರುಕು.

“ನಿನ್ನನ್ನ ಸಾಕ್ಷಿಗೆ ಕರದ್ರ ನೆನಪಿಲ್ಲ ಅಂತ ಹೇಳು,” ಎಂದರು. “ಆರು ವರ್ಷದ ಹಿಂದಿಂದು, ಯಾರ ನಂಬೂದಿಲ್ಲ? ಅದು ಸುಳ್ಳೂ ಆಗೂದಿಲ್ಲ, ಖರೇನೂ ಆಗೂದಿಲ್ಲ.”

“ನೆನಪೈತ್ರಿ ನನಗ.”

“ನೆನಪಿದ್ರ ನಿನ್ನ ಮನಿ ತೊಳದ ಹೋಗ್ತೈತಿ. ಒಂದ ಪತ್ರ ಸುಳ್ಳ ಅಂದ್ರ ಉಳದದ್ದನ್ನ ಯಾರ ನಂಬ್ತಾರು? ಬರಿ ನಿಂದಲ್ಲ, ಈ ತಾಲೂಕಿನಾಗ ಪತ್ರ ಬರಿಯೂ ಎಲ್ಲಾರದೂ.” ನನ್ನ ಜೊತೆ ಬಾಗಿಲವರೆಗೆ ಬಂದು, “ನಾನೂ ಓದಿ ಹೇಳ್ತಿರಲಿಲ್ಲ ಬೇ. ನೀ ನನ್ನ ಹತ್ರನ ಕಲತದ್ದು,” ಎಂದರು.

ಮನೆಗೆ ಬರುವ ದಾರಿಯಲ್ಲಿ ನಿರ್ಧಾರವೇನೂ ಮಿಂಚಿನಂತೆ ಹೊಳೆಯಲಿಲ್ಲ. ನೆನಪಿಲ್ಲ ಎಂದು ಎರಡನೆಯ ಸಲ ಹೇಳುವ ಶಕ್ತಿ ನನಗಿಲ್ಲ ಎಂಬುದು ಮಾತ್ರ ಗೊತ್ತಾಯಿತು. ಮರುದಿನ ನಿಪ್ಪಾಣಿಯ ಆ ವಕೀಲೆಗೆ ಫೋನು ಮಾಡಿ, “ನನ್ನನ್ನು ಸಾಕ್ಷಿಯಾಗಿ ಕರೆಸಿ. ಸಮನ್ಸ್ ಕಳಿಸಿ, ನಾನಾಗಿ ಬಂದು ಹೇಳಿದಂತೆ ಆಗುವುದು ಬೇಡ,” ಎಂದೆ. 

ಸಾಕ್ಷಿಯ ಸರದಿ ಬರುವಷ್ಟರಲ್ಲಿ ಇನ್ನೊಂದು ಹಂಗಾಮು ಕಳೆದಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಜನರನ್ನು ಕಟಕಟೆಗೆ ಹತ್ತಿಸಿದ್ದೇನೆ. ಅಲ್ಲಿ ನಿಂತರೆ ನ್ಯಾಯಾಧೀಶರ ಮೇಜು ಎಷ್ಟು ಎತ್ತರವಾಗಿ ಕಾಣುತ್ತದೆ ಎಂದು ಅಂದೇ ತಿಳಿಯಿತು. ಕಪ್ಪು ಕೋಟು ಹಾಕಿರಲಿಲ್ಲ. ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಅಣ್ಣನ ವಕೀಲರು ಮೊದಲೇ ಆಕ್ಷೇಪ ಎತ್ತಿದರು: ಇವರು ಪ್ರತಿವಾದಿಗಾಗಿ ಪತ್ರ ಬರೆದವರು, ಕಕ್ಷಿದಾರನ ಗುಟ್ಟನ್ನು ಹೊರಗೆ ಹೇಳುವಂತಿಲ್ಲ. ವಾದ ಅರ್ಧ ದಿನ ನಡೆಯಿತು. ಕೊನೆಗೆ ನ್ಯಾಯಾಧೀಶರು, ಅಣ್ಣ ನನಗೆ ಖಾಸಗಿಯಾಗಿ ಹೇಳಿದ್ದನ್ನು ಕೇಳಬಾರದು, ನೋಂದಣಿಯ ವೇಳೆ ಎಲ್ಲರೆದುರು ನಡೆದದ್ದನ್ನು ಮಾತ್ರ ಕೇಳಬಹುದು ಎಂದು ಗೆರೆ ಎಳೆದರು. ಆ ಗೆರೆಯೊಳಗೇ ನಿಂತು ಹೇಳಿದೆ. ಹೆಬ್ಬೆರಳು, ಬಸ್ಸು, ಎರಡು ನಿಮಿಷ. ಓದಿ ಹೇಳಲಿಲ್ಲ, ಮರಾಠಿಯಲ್ಲಿ ತಿಳಿಸಲಿಲ್ಲ.

ಪಾಟೀಸವಾಲಿಗೆ ಅಣ್ಣನ ವಕೀಲರು ಎದ್ದರು. ನಾವಿಬ್ಬರೂ ಒಂದೇ ವರ್ಷ ವಕೀಲಿ ಸನದು ತೆಗೆದುಕೊಂಡವರು.

“ಅಂದರೆ ಪತ್ರದಲ್ಲಿ ನಿಮ್ಮ ಸಹಿಯ ಮೇಲಿರುವ ಒಕ್ಕಣೆ ಸುಳ್ಳು?”

“ಹೌದು.”

“ನೀವು ಬರೆದ ಉಳಿದ ಪತ್ರಗಳಲ್ಲೂ ಇದೇ ಒಕ್ಕಣೆ ಇದೆ. ಅವೂ ಸುಳ್ಳೇ?”

“ಎಲ್ಲವೂ ಅಲ್ಲ. ಯಾವುವು ಎಂದು ಒಂದೊಂದಾಗಿ ಹೇಳಲಾರೆ.”

“ನಿಮ್ಮ ತಂದೆಯ ಹೊಲದ ಹಕ್ಕನ್ನು ನೀವೇ ನಿಮ್ಮ ತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದೀರಿ, ಅಲ್ಲವೇ? ಈಗ ಆ ಹೊಟ್ಟೆಕಿಚ್ಚನ್ನು ಇಲ್ಲಿ ತೀರಿಸಿಕೊಳ್ಳುತ್ತಿದ್ದೀರಿ.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅವರಿಗೆ ಗೊತ್ತಿತ್ತು, ಏಕೆಂದರೆ ನಾನು ಬರೆದುಕೊಟ್ಟ ಆ ಪತ್ರಕ್ಕೆ ಸಾಕ್ಷಿ ಹಾಕಿದವರು ಅವರೇ.

“ಬಿಟ್ಟುಕೊಟ್ಟಿದ್ದು ನಿಜ. ನನಗೆ ಅದರಲ್ಲಿ ಏನು ಬರೆದಿದೆ ಎಂದು ಗೊತ್ತಿತ್ತು. ಆಕೆಗೆ ಗೊತ್ತಿರಲಿಲ್ಲ,” ಎಂದೆ.

ಗುಮಾಸ್ತೆ ಅದನ್ನು ಟೈಪ್ ಮಾಡಿದಳು. ಅವರು ಕುಳಿತುಕೊಂಡರು. ನಾನು ಕೆಳಗಿಳಿದು ಪಡಸಾಲೆಗೆ ಬಂದಾಗ ಅಣ್ಣ ಅಲ್ಲಿ ನಿಂತಿದ್ದ. “ನನಗ ಕಳ್ಳ ಮಾಡಿದ್ರಿ ಬಾಯಾರ,” ಎಂದ. “ನನ್ನನ್ನೂ ಸೇರಿಸಿಕೊಂಡೇ ಹೇಳೀನ್ರಿ,” ಎಂದೆ. ಅವನು ಬೇರೆ ಕಡೆ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ಎಣಿಸಿರಲಿಲ್ಲ.

ಹಿರಿಯರು ಹೇಳಿದಂತೆಯೇ ಆಯಿತು. ಚಿಕ್ಕೋಡಿಯ ವಕೀಲರ ಕೊಠಡಿಯಲ್ಲಿ ನಾನು ಕುಳಿತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಒಬ್ಬರು ನೇರವಾಗಿಯೇ ಅಂದರು, “ನಮ್ಮೆಲ್ಲಾರ ಹೊಟ್ಟಿ ಮ್ಯಾಲ ಹೊಡದ್ರಿ ಮೇಡಂ.” ಅಣ್ಣತಮ್ಮಂದಿರು ಪತ್ರ ಬರೆಸಲು ಬರುವುದು ನಿಂತಿತು. ಬದಲಿಗೆ ಅಕ್ಕತಂಗಿಯರು ಬರತೊಡಗಿದರು, ಒಬ್ಬೊಬ್ಬರಾಗಿ, ಹಳೆಯ ಪ್ರತಿಗಳನ್ನು ಚೀಲದಲ್ಲಿಟ್ಟುಕೊಂಡು. ಎಲ್ಲರೂ ದಾವೆ ಹಾಕಲು ಬಂದವರಲ್ಲ. ಅಥಣಿಯ ಒಬ್ಬ ಅಜ್ಜಿಗೆ ಪೂರ್ತಿ ಓದಿ ಹೇಳಿದ ಮೇಲೆ, “ಇಷ್ಟ ಹೌದಿಲ್ಲೋ? ಆತು ಬಿಡ್ರಿ,” ಎಂದು ಎದ್ದು ಹೋದಳು. ಕೆಲವರು ಬೈದರು. ಕೂರಿಸಿ ಓದಿ ಹೇಳುವುದನ್ನು ಬಿಟ್ಟು ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಸಂಜೆಯಾಗುವಷ್ಟರಲ್ಲಿ ಗಂಟಲು ಒಣಗಿರುತ್ತಿತ್ತು.

ತೀರ್ಪು ತಂಗಿಯ ಕಡೆ ಆಯಿತು. ಪತ್ರ ಬಂಧಕವಲ್ಲ, ಮೂವರಿಗೂ ಸಮ ಪಾಲು. ಅಣ್ಣ ಚಿಕ್ಕೋಡಿಗೆ ಅಪೀಲು ತಂದ. ಅಲ್ಲಿಂದ ಮಧ್ಯಸ್ಥಿಕೆಗೆ ಕಳಿಸಿದರು. ಪೆಟ್ರೋಲ್ ಪಂಪಿನವರು ಆಗಲೇ ಬೇರೆ ಜಾಗ ನೋಡುತ್ತಿದ್ದರು. ಅವನೂ ದಣಿದಿದ್ದ. ನಾಲ್ಕನೆಯ ಬೈಠಕ್ಕಿನಲ್ಲಿ ರಾಜಿಯಾಯಿತು. ಭೂಮಾಪಕರು ಬಂದು ಕಲ್ಲು ನೆಟ್ಟರು: ರಸ್ತೆಗೆ ಹತ್ತಿದ ಪಾಲು, ನಡುವಿನ ಪಾಲಿನವರೆಗೆ ಗಾಡಿದಾರಿ ಬಿಟ್ಟು, ಅಣ್ಣನಿಗೆ, ನಡುವಿನದು ತಾಯಿಗೆ, ಹಿಂದಿನದು ಗಾಣದ ಸಮೇತ ತಂಗಿಗೆ. ಬೀಗ ತೆಗೆದಾಗ ಕೊಪ್ಪರಿಗೆಯ ತಳ ತುಕ್ಕು ಹಿಡಿದು ತೂತಾಗಿತ್ತು. ಎಂಟು ಹೆಂಗಸರಲ್ಲಿ ಮೂವರು ಮಾತ್ರ ತಿರುಗಿ ಬಂದರು.

ಇಲ್ಲಿಗೆ ಇದು ಮುಗಿಯಿತು ಎಂದುಕೊಂಡಿದ್ದೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ತಾಯಿ ಒಬ್ಬಳೇ ಬಂದಳು. ಬಸ್ಸಿಳಿದು ನಿಲ್ದಾಣದಿಂದ ನಡೆದೇ ಬಂದಿದ್ದಳು. ನೀರು ಕೊಟ್ಟೆ. ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಕೂತು ಮಾತಾಡಿದಳು. ಮೂರು ವರ್ಷದಲ್ಲಿ ನಾನು ಅವಳ ಬಾಯಿಂದ ಇಷ್ಟು ಮಾತು ಕೇಳಿರಲಿಲ್ಲ.

“ಮಗಾ ಅಂತಾನ, ಅವ್ವಾ ನಿಂದು ನನ್ನ ಹೆಸರಿಗೆ ಮೃತ್ಯುಪತ್ರ ಮಾಡು, ಎರಡೂ ಕೂಡಿದ್ರ ದೊಡ್ಡ ಪ್ಲಾಟ್ ಆಗ್ತೈತಿ. ಮಗಳು ಅಂತಾಳ, ಅವ್ವಾ ನನ್ನ ಹೆಸರಿಗೆ ಮಾಡು, ಇಲ್ಲಾಂದ್ರ ಕಬ್ಬಿನ ಗಾಡಿ ಗಾಣಕ್ಕ ಹ್ಯಾಂಗ ಬರಬೇಕು. ದಿನಾ ಒಬ್ಬರಾದ ಮ್ಯಾಲ ಒಬ್ಬರು. ಊಟಕ್ಕ ಕುಂತ್ರ ಅದ, ಎದ್ದರ ಅದ. ನಿನ್ನಿ ಆಕಿ ಕಾಗದಾನ ಬರಸ್ಕೊಂಡ ಬಂದಿದ್ಲು, ಸಹಿ ಮಾಡು ಅಂದ್ಲು.”

“ಆಕಿ?” ಎಂದೆ. “ಮಗಳು?”

“ಹೂಂ, ಮಗಳ.”

ನಾನು ಕುರ್ಚಿಗೆ ಒರಗಿದೆ. ಯಾರ ಮೇಲೂ ಸಿಟ್ಟು ಬರಲಿಲ್ಲ. ಬರುವಷ್ಟು ಕಸುವು ಉಳಿದಿರಲಿಲ್ಲ. ಅವಳಿಗೆ ದಾರಿ ಬೇಕು, ಅವನಿಗೆ ಪ್ಲಾಟು ಬೇಕು, ಎರಡೂ ಸುಳ್ಳಲ್ಲ.

“ಅಜ್ಜಿ, ನಾ ನಿಮಗ ಮೃತ್ಯುಪತ್ರ ಬರಕೊಡಾಕ ಬರೂದಿಲ್ರಿ,” ಎಂದೆ. “ಆ ಕೇಸಿನ್ಯಾಗ ನಾ ಸಾಕ್ಷಿ ಇದ್ದಾಕಿ. ಬ್ಯಾರೆಯವರ ಕಡೆ ಕಳಸ್ತೀನಿ.”

“ಬರಸಾಕ ಯಾರ ಬಂದಾರ್ರಿ?” ಎಂದಳು ಮುದುಕಿ. ಮಡಿಲಿನಿಂದ ಹೊಸ ಉತಾರದ ಪ್ರತಿ ತೆಗೆದಳು. ಮಡಿಚಿ ಮಡಿಚಿ ಅಂಗೈಯಷ್ಟು ಮಾಡಿಟ್ಟಿದ್ದಳು. ಬಿಡಿಸಿ ನನ್ನ ಮುಂದಿಟ್ಟು, “ನನ್ನ ಹೆಸರ ಎಲ್ಲೈತಿ, ತೋರಸ್ರಿ” ಎಂದಳು.

ತೋರಿಸಿದೆ. ಅವಳು ಓದಲು ಬಾರದವಳು. ಆ ಅಕ್ಷರಗಳ ಕೆಳಗೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದಳು.

“ಮೊದಲ ಮಾವನ ಹೆಸರಲೆ ಇತ್ತು, ಆಮ್ಯಾಲ ಗಂಡನ ಹೆಸರಲೆ, ಆಮ್ಯಾಲ ಮಗನ ಹೆಸರಲೆ. ನಂದಂತ ಬಂದು ಇನ್ನಾ ವರ್ಷ ಆಗಿಲ್ಲ. ಗಾಡಿ ಹೋಗಾಕ ದಾರಿ ಬಿಡ್ತೀನಿ ಅಂತ ಮಗಳಿಗಿ ಹೇಳ್ರಿ. ಮಗಗೂ ಹೇಳ್ರಿ, ಅಂವಾ ಬಿತ್ತಿ ಬೆಳಕೊಳ್ಳಿ. ಆದ್ರ ಹೆಸರ ಬಿಡೂದಿಲ್ಲ.”

ಕಾಗದವನ್ನು ಮೊದಲಿನಂತೆಯೇ ಮಡಿಚಿ ಮಡಿಲಲ್ಲಿಟ್ಟುಕೊಂಡು ಎದ್ದಳು. ಬಸ್ ನಿಲ್ದಾಣದವರೆಗೆ ನಾನೂ ಜೊತೆಗೆ ನಡೆದೆ.